ಸರ್ಕಾರಿ ವಕೀಲರು ಬರೆದ ಚರಿತ್ರೆ: ಮ್ಯಾನ್ಸನ್ ಮೊಕದ್ದಮೆಯ ಮರುಓದು

ಕೊಲೆ ಮೊಕದ್ದಮೆಯೊಂದು ಮುಗಿದ ಮೇಲೆ ಎರಡು ದಾಖಲೆಗಳು ಉಳಿಯುತ್ತವೆ. ಒಂದು ನ್ಯಾಯಾಲಯದ ಕಡತ. ಇನ್ನೊಂದು ಜನಮನದಲ್ಲಿ ನಿಲ್ಲುವ ಕಥೆ. ಕಡತವನ್ನು ಬಿಚ್ಚಿ ಓದುವವರು ವಿರಳ, ಕಥೆಯನ್ನು ಮಾತ್ರ ಎಲ್ಲರೂ ಬಲ್ಲರು. ಸಾಮಾನ್ಯವಾಗಿ ಈ ಕಥೆಯನ್ನು ಕಟ್ಟುವವರು ಪತ್ರಕರ್ತರು, ಕಾದಂಬರಿಕಾರರು, ಚಲನಚಿತ್ರ ನಿರ್ಮಾಪಕರು. ಆದರೆ ಆರೋಪಿಗಳಿಗೆ ಮರಣದಂಡನೆ ಕೊಡಿಸಿದ ಸರ್ಕಾರಿ ವಕೀಲರೇ ಲೇಖನಿ ಹಿಡಿದು ಆ ಕಥೆಯನ್ನು ಬರೆದರೆ, ಅದನ್ನು ಲಕ್ಷಾಂತರ ಜನ ಓದಿ ಒಂದು ಕಾಲಘಟ್ಟದ ಚರಿತ್ರೆ ಎಂದೇ ಸ್ವೀಕರಿಸಿದರೆ, ಅಂತಹ ಗ್ರಂಥವನ್ನು ನಾವು ಹೇಗೆ ಓದಬೇಕು?

ಅಮೆರಿಕದ ಅಪರಾಧ ಸಾಹಿತ್ಯದಲ್ಲಿ ಈ ಪ್ರಶ್ನೆಗೆ 'ಹೆಲ್ಟರ್ ಸ್ಕೆಲ್ಟರ್'ಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಲಾಸ್ ಏಂಜಲೀಸ್ ಜಿಲ್ಲೆಯ ಡೆಪ್ಯುಟಿ ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದ ವಿನ್ಸೆಂಟ್ ಬುಲಿಯೋಸಿ ಅವರು (ಇಂಗ್ಲಿಷಿನಲ್ಲಿ ಬರೆಯುವಾಗ ಅವರ ಹೆಸರಿನೊಳಗೆ ಬರುವ 'ಜಿ' ಅಕ್ಷರವನ್ನು ಉಚ್ಚರಿಸುವುದಿಲ್ಲ) ಲೇಖಕ ಕರ್ಟ್ ಜೆಂಟ್ರಿ ಅವರೊಡಗೂಡಿ 1974ರಲ್ಲಿ ಇದನ್ನು ಪ್ರಕಟಿಸಿದರು. ಮರುವರ್ಷ ಅದಕ್ಕೆ ಸತ್ಯಘಟನೆಯ ಅಪರಾಧ ಕೃತಿಗಳಿಗೆ ಸಲ್ಲುವ ಎಡ್ಗರ್ ಪ್ರಶಸ್ತಿ ದೊರೆಯಿತು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಈ ಪುಸ್ತಕ ತನ್ನ ಪ್ರಕಾರದಲ್ಲಿ ಅತಿ ಹೆಚ್ಚು ಓದಲ್ಪಟ್ಟ ಕೃತಿಯೆಂಬ ಖ್ಯಾತಿ ಪಡೆದಿದೆ. 1965ರ ವಲಸೆ ಕಾನೂನಿನ ತರುವಾಯ ಈ ನೆಲಕ್ಕೆ ಬಂದಿಳಿದ ನಮ್ಮ ಮೊದಲ ತಲೆಮಾರಿನವರು ಇಲ್ಲಿನ ಪತ್ರಿಕೆಗಳಲ್ಲಿ ಕಂಡ ಮೊದಮೊದಲ ಭಯಾನಕ ಹೆಸರುಗಳಲ್ಲಿ ಚಾರ್ಲ್ಸ್ ಮ್ಯಾನ್ಸನ್‌ನದೂ ಒಂದಾಗಿತ್ತು. ಆ ಹೆಸರಿನ ಹಿಂದಿನ ಮೊಕದ್ದಮೆಯನ್ನೂ ಅದನ್ನು ನಡೆಸಿದವರೇ ಬರೆದ ಚರಿತ್ರೆಯನ್ನೂ ಒಟ್ಟಿಗೆ ಇರಿಸಿ ನೋಡುವುದು ಈ ಲೇಖನದ ಉದ್ದೇಶ.

ಎರಡು ರಾತ್ರಿಗಳು

1969ರ ಆಗಸ್ಟ್ 8ರ ಮಧ್ಯರಾತ್ರಿ ಕಳೆದು 9ನೆಯ ತಾರೀಖು ಮೊದಲಾದ ಹೊತ್ತಿನಲ್ಲಿ, ಲಾಸ್ ಏಂಜಲೀಸಿನ ಬೆನಿಡಿಕ್ಟ್ ಕ್ಯಾನ್ಯನ್ ಪ್ರದೇಶದ ಸಿಯೆಲೋ ಡ್ರೈವ್ ಎಂಬ ಬೀದಿಯ ಬಂಗಲೆಯಲ್ಲಿ ಐವರ ಕೊಲೆಯಾಯಿತು. ಅವರಲ್ಲಿ ಒಬ್ಬರು ಚಿತ್ರನಟಿ ಶರೋನ್ ಟೇಟ್. ಇಪ್ಪತ್ತಾರು ವರ್ಷದ ಆಕೆ ಎಂಟೂವರೆ ತಿಂಗಳ ಗರ್ಭಿಣಿ. ಪತಿ, ಚಿತ್ರ ನಿರ್ದೇಶಕ ರೋಮನ್ ಪೊಲಾನ್ಸ್ಕಿ, ಆಗ ಲಂಡನ್ನಿನಲ್ಲಿದ್ದರು. ಆಕೆಯೊಡನೆ ಇದ್ದ ಜೇ ಸೆಬ್ರಿಂಗ್, ಅಬಿಗೇಲ್ ಫೋಲ್ಜರ್, ವೊಯ್ಚೆಖ್ ಫ್ರೈಕೋವ್ಸ್ಕಿ ಈ ಮೂವರು ಬಲಿಯಾದರು. ಐದನೆಯವನು ಹದಿನೆಂಟು ವರ್ಷದ ಸ್ಟೀವನ್ ಪೇರೆಂಟ್. ಅದೇ ಆವರಣದ ಹಿಂಬದಿಯ ಮನೆಯಲ್ಲಿದ್ದ ಕಾವಲುಗಾರನನ್ನು ಕಂಡು ಹಿಂತಿರುಗುತ್ತಿದ್ದ ಈ ಹುಡುಗನಿಗೂ ಬಂಗಲೆಯವರಿಗೂ ಯಾವ ಸಂಬಂಧವೂ ಇರಲಿಲ್ಲ. ಮುಂಬಾಗಿಲ ಮೇಲೆ ರಕ್ತದಿಂದ 'ಹಂದಿ' ಎಂಬರ್ಥದ ಇಂಗ್ಲಿಷ್ ಪದವನ್ನು ಬರೆಯಲಾಗಿತ್ತು.

ಮರುರಾತ್ರಿ ನಗರದ ಇನ್ನೊಂದು ಭಾಗವಾದ ಲಾಸ್ ಫೀಲಿಜ್‌ನಲ್ಲಿ ದಿನಸಿ ವ್ಯಾಪಾರಿ ಲೆನೊ ಲಾ ಬಿಯಾಂಕಾ ಮತ್ತು ಅವರ ಪತ್ನಿ ರೋಸ್‌ಮೇರಿ ಅದೇ ಬಗೆಯ ಕ್ರೌರ್ಯಕ್ಕೆ ತುತ್ತಾದರು. ಗೋಡೆಗಳ ಮೇಲೆ ರಕ್ತದ ಬರಹ ಇಲ್ಲಿಯೂ ಇತ್ತು. ರೆಫ್ರಿಜರೇಟರ್ ಬಾಗಿಲ ಮೇಲೆ, ಅಕ್ಷರ ತಪ್ಪಾಗಿ, 'ಹೆಲ್ಟರ್ ಸ್ಕೆಲ್ಟರ್' ಎಂದಿತ್ತು. ಇಂಗ್ಲೆಂಡಿನ ಜಾತ್ರೆಗಳಲ್ಲಿ ಗೋಪುರವನ್ನು ಸುತ್ತಿಕೊಂಡು ಕೆಳಗಿಳಿಯುವ ಜಾರುಬಂಡೆಗೆ ಆ ಹೆಸರುಂಟು. ಬೀಟಲ್ಸ್ ತಂಡ 1968ರ ನವೆಂಬರಿನಲ್ಲಿ ಹೊರತಂದ ಜೋಡಿ ಧ್ವನಿಮುದ್ರಿಕೆಯಲ್ಲಿ ಅದೇ ಹೆಸರಿನ ಹಾಡೊಂದಿತ್ತು. ಮಕ್ಕಳ ಆಟಿಕೆಯ ಹೆಸರೊಂದು ಈ ಕೊಲೆಗಳ ಹೆಸರಾಗಿ ಮಾರ್ಪಟ್ಟ ಬಗೆಯಲ್ಲಿಯೇ ನಮ್ಮ ವಿಷಯದ ತಿರುಳು ಅಡಗಿದೆ.

ಪೊಲೀಸರ ಲೋಪಗಳು

ಬುಲಿಯೋಸಿ ಅವರ ಗ್ರಂಥದ ಅತ್ಯಂತ ಮೌಲಿಕವಾದ ಭಾಗವೆಂದರೆ ತನಿಖೆಯ ಲೋಪಗಳ ನಿರ್ದಾಕ್ಷಿಣ್ಯ ನಿರೂಪಣೆ. ಸರ್ಕಾರದ ಪರವಾಗಿ ವಾದಿಸಿದವರು ಸರ್ಕಾರದ ಪೊಲೀಸರ ದೋಷಗಳನ್ನು ಮುಚ್ಚಿಡಲಿಲ್ಲ. ಎರಡು ರಾತ್ರಿಗಳ ಕೊಲೆಗಳನ್ನು ಲಾಸ್ ಏಂಜಲೀಸ್ ಪೊಲೀಸರು ಎರಡು ಪ್ರತ್ಯೇಕ ತಂಡಗಳಿಗೆ ಒಪ್ಪಿಸಿದ್ದರು. ಜುಲೈ ತಿಂಗಳಲ್ಲಿ ಗ್ಯಾರಿ ಹಿನ್‌ಮನ್ ಎಂಬ ಸಂಗೀತಗಾರನ ಕೊಲೆಯಾದಾಗಲೂ ಗೋಡೆಯ ಮೇಲೆ ರಕ್ತದ ಬರಹ ಕಂಡಿತ್ತು. ಆ ಪ್ರಕರಣವನ್ನು ನೋಡುತ್ತಿದ್ದ ಶೆರೀಫ್ ಕಚೇರಿಯ ಪತ್ತೇದಾರರು ಆಗಸ್ಟ್ 10ರಂದೇ ಈ ಸಾಮ್ಯವನ್ನು ನಗರ ಪೊಲೀಸರ ಗಮನಕ್ಕೆ ತಂದರೂ ಯಾರೂ ಲಕ್ಷ್ಯ ಕೊಡಲಿಲ್ಲ.

ಸೆಪ್ಟೆಂಬರ್ 1ರಂದು ಹತ್ತು ವರ್ಷದ ಬಾಲಕನೊಬ್ಬ ತನ್ನ ಮನೆಯ ಹಿತ್ತಲಿನಲ್ಲಿ ಸಿಕ್ಕ ಪಿಸ್ತೂಲನ್ನು, ಬೆರಳಚ್ಚು ಅಳಿಸೀತೆಂಬ ಎಚ್ಚರದಿಂದ ಹಿಡಿದು, ತಂದೆಯ ಮೂಲಕ ಪೊಲೀಸರಿಗೆ ಒಪ್ಪಿಸಿದ. ಅದನ್ನು ಪಡೆದ ಅಧಿಕಾರಿ ಆ ಎಚ್ಚರವನ್ನು ತೋರಲಿಲ್ಲ. ಕೊಲೆಗೆ ಬಳಸಿದ ಆಯುಧಕ್ಕಾಗಿ ಇಲಾಖೆ ಎಲ್ಲೆಡೆ ಹುಡುಕುತ್ತಿದ್ದಾಗ ಆ ಪಿಸ್ತೂಲು ವ್ಯಾನ್ ನೈಸ್ ಠಾಣೆಯ ಕಪಾಟಿನಲ್ಲಿ ಮೂರೂವರೆ ತಿಂಗಳು ಬಿದ್ದಿತ್ತು. ಡಿಸೆಂಬರಿನಲ್ಲಿ ಬಾಲಕನ ತಂದೆಯೇ ದೂರವಾಣಿ ಮಾಡಿ ನೆನಪಿಸಬೇಕಾಯಿತು. ಕೊಲೆಗಾರರು ಕಳಚಿ ಎಸೆದ ರಕ್ತಸಿಕ್ತ ಬಟ್ಟೆಗಳನ್ನು ಪತ್ತೆಮಾಡಿದವರು ಕೂಡ ಪೊಲೀಸರಲ್ಲ, ದೂರದರ್ಶನ ಕೇಂದ್ರವೊಂದರ ಸುದ್ದಿ ತಂಡದವರು. ಕಾರು ಓಡಿಸುತ್ತ ಬಟ್ಟೆ ಬದಲಿಸಲು ಎಷ್ಟು ಹೊತ್ತು ಹಿಡಿದೀತು ಎಂದು ಲೆಕ್ಕ ಹಾಕಿ, ಅಷ್ಟು ದೂರದಲ್ಲಿ ಕಾರು ನಿಲ್ಲಿಸಿ, ಕಣಿವೆಯೊಳಗೆ ಇಣುಕಿ ನೋಡಿದ್ದರು.

ಮ್ಯಾನ್ಸನ್ ಮತ್ತು ಅವನ 'ಕುಟುಂಬ' ಎಂದು ಕರೆಸಿಕೊಂಡ ಗುಂಪು ಹಳೆಯ ಚಲನಚಿತ್ರಗಳ ಚಿತ್ರೀಕರಣ ತಾಣವಾಗಿದ್ದ ಸ್ಪಾನ್ ರ‍್ಯಾಂಚ್‌ನಲ್ಲಿ ವಾಸವಾಗಿತ್ತು. ಆಗಸ್ಟ್ 16ರಂದು ಕಾರು ಕಳವಿನ ಶಂಕೆಯ ಮೇಲೆ ಪೊಲೀಸರು ಅಲ್ಲಿ ದಾಳಿ ನಡೆಸಿ ಎಲ್ಲರನ್ನೂ ಹಿಡಿದರು; ವಾರಂಟಿನ ತಾರೀಖು ಸರಿಯಿಲ್ಲವೆಂದು ಬಿಟ್ಟೂಬಿಟ್ಟರು. ಅಕ್ಟೋಬರಿನಲ್ಲಿ ಡೆತ್ ವ್ಯಾಲಿ ಮರುಭೂಮಿಯ ಅಂಚಿನಲ್ಲಿ ಅವರು ಮತ್ತೆ ಸೆರೆಯಾದಾಗಲೂ ಆರೋಪ ಕಳವು ಮತ್ತು ಬೆಂಕಿ ಹಚ್ಚಿದ್ದಕ್ಕೆ ಸಂಬಂಧಿಸಿತ್ತು. ಕೊಲೆಯ ಗುಟ್ಟು ಹೊರಬಿದ್ದದ್ದು ಸೂಸನ್ ಅಟ್ಕಿನ್ಸ್ ಎಂಬ ಯುವತಿ ಸೆರೆಮನೆಯಲ್ಲಿ ಸಹಬಂದಿಗಳ ಮುಂದೆ ಕೊಚ್ಚಿಕೊಂಡಾಗ. 1969ರ ನವೆಂಬರ್ 18ರಂದು ಬುಲಿಯೋಸಿ ಅವರಿಗೆ ಈ ಮೊಕದ್ದಮೆಯನ್ನು ವಹಿಸಲಾಯಿತು. ಆಗ ಅವರ ವಯಸ್ಸು ಮೂವತ್ತೈದು.

ಸ್ಥಳದಲ್ಲಿ ಇಲ್ಲದವನ ಅಪರಾಧ

ಅವರ ಮುಂದಿದ್ದ ಕಾನೂನಿನ ಸಮಸ್ಯೆ ಸರಳವಾದುದಲ್ಲ. ಸಿಯೆಲೋ ಡ್ರೈವ್‌ನ ಕೊಲೆಗಳು ನಡೆದಾಗ ಮ್ಯಾನ್ಸನ್ ಅಲ್ಲಿ ಇರಲೇ ಇಲ್ಲ. ಎರಡನೆಯ ರಾತ್ರಿ ಅವನು ಲಾ ಬಿಯಾಂಕಾ ದಂಪತಿಗಳನ್ನು ಕಟ್ಟಿಹಾಕಿದನೆಂದು ಸರ್ಕಾರ ವಾದಿಸಿತಾದರೂ ಕೊಂದವರು ಬೇರೆಯವರೇ. ಚಾರ್ಲ್ಸ್ 'ಟೆಕ್ಸ್' ವಾಟ್ಸನ್‌ನ ಬೆರಳಚ್ಚು ಮುಂಬಾಗಿಲ ಮೇಲೂ, ಪೆಟ್ರೀಷಿಯಾ ಕ್ರೆನ್‌ವಿಂಕಲ್‌ಳದು ಮಲಗುವ ಕೋಣೆಯ ಬಾಗಿಲ ಮೇಲೂ ದೊರೆತವು. ಮ್ಯಾನ್ಸನ್‌ನ ಬೆರಳಚ್ಚು ಎಲ್ಲಿಯೂ ಸಿಗಲಿಲ್ಲ. ಅವನನ್ನು ಕೊಲೆಗೆ ಹೊಣೆಯಾಗಿಸಲು ಒಳಸಂಚಿನ ಕಾನೂನೊಂದೇ ದಾರಿ: ಸಂಚಿನ ಸದಸ್ಯರಲ್ಲಿ ಒಬ್ಬನು ಸಂಚಿನ ಸಾಧನೆಗಾಗಿ ಮಾಡಿದ ಕೃತ್ಯಕ್ಕೆ ಎಲ್ಲರೂ ಹೊಣೆ.

ಸಂಚನ್ನು ರುಜುವಾತುಪಡಿಸಲು ಒಳಗಿನ ಸಾಕ್ಷಿ ಬೇಕು. ನಮ್ಮ ಕಡೆಯ ನ್ಯಾಯಾಲಯಗಳಲ್ಲಿ 'ಮಾಫಿಸಾಕ್ಷಿ' ಎಂಬ ಮಾತು ಚಿರಪರಿಚಿತ. ತಪ್ಪಿನಲ್ಲಿ ಪಾಲುಗೊಂಡವರಿಗೆ ಕ್ಷಮೆ ನೀಡಿ ಅವರಿಂದ ಸತ್ಯ ಹೊರಡಿಸುವ ಕ್ರಮವದು. ಮೊದಲು ಸರ್ಕಾರ ಸೂಸನ್ ಅಟ್ಕಿನ್ಸ್‌ಳನ್ನು ನೆಚ್ಚಿತ್ತು. ಆಕೆ ಗ್ರ್ಯಾಂಡ್ ಜೂರಿಯ ಮುಂದೆ ಹೇಳಿಕೆ ಕೊಟ್ಟು ಬಳಿಕ ಮಾತು ಬದಲಿಸಿದಳು. ಆಗ ಲಿಂಡಾ ಕಸಾಬಿಯನ್ ಎಂಬ ಇಪ್ಪತ್ತೊಂದು ವರ್ಷದ ಯುವತಿಗೆ ಕ್ಷಮೆ ದೊರೆಯಿತು. ಎರಡೂ ರಾತ್ರಿ ಗುಂಪಿನೊಡನೆ ಹೋಗಿದ್ದ ಆಕೆ ಯಾರನ್ನೂ ಕೊಂದಿರಲಿಲ್ಲ. ಟೆಕ್ಸ್ ಹೇಳಿದಂತೆ ಮಾಡೆಂದು ಮ್ಯಾನ್ಸನ್ ತನ್ನನ್ನು ಕಳುಹಿಸಿದನೆಂದು ಆಕೆ ನುಡಿದಳು. ಎರಡು ವಾರಗಳಿಗೂ ಮೀರಿ ನಡೆದ ವಿಚಾರಣೆ, ಪಾಟೀಸವಾಲುಗಳಲ್ಲಿ ಆಕೆಯ ಮಾತು ಕದಲಲಿಲ್ಲ. ಆದರೆ ಅಪರಾಧದಲ್ಲಿ ಭಾಗಿಯಾದವರ ಮಾತೊಂದರ ಮೇಲೆಯೇ ಯಾರನ್ನೂ ಶಿಕ್ಷಿಸುವಂತಿಲ್ಲ, ಬೇರೆ ಪುಷ್ಟಿ ಬೇಕು ಎನ್ನುತ್ತದೆ ಕ್ಯಾಲಿಫೋರ್ನಿಯಾ ಕಾನೂನು.

ಇಲ್ಲಿಯೇ ಕೊಲೆಯ ಹೇತು ಮಹತ್ವ ಪಡೆಯಿತು. ಹೇತುವನ್ನು ಸಾಬೀತುಪಡಿಸಬೇಕೆಂಬ ನಿಯಮ ಸರ್ಕಾರದ ಮೇಲಿಲ್ಲ. ಆದರೆ ಒಬ್ಬನಿಗೆ ಮಾತ್ರ ಇರಬಹುದಾದಷ್ಟು ವಿಚಿತ್ರವಾದ ಹೇತುವೊಂದು ದೊರೆತರೆ ಅದೇ ಅವನತ್ತ ಬೊಟ್ಟುಮಾಡುವ ಸಾಕ್ಷ್ಯವಾಗುತ್ತದೆ. ಬುಲಿಯೋಸಿ ಅವರ ವಾದ ಹೀಗಿತ್ತು: ಬಿಳಿಯರಿಗೂ ಕರಿಯರಿಗೂ ಘೋರ ಯುದ್ಧ ಸಂಭವಿಸಲಿದೆಯೆಂದು ಮ್ಯಾನ್ಸನ್ ನಂಬಿದ್ದ, ಅದಕ್ಕೆ ಬೀಟಲ್ಸ್ ಹಾಡಿನಿಂದ 'ಹೆಲ್ಟರ್ ಸ್ಕೆಲ್ಟರ್' ಎಂಬ ಹೆಸರನ್ನು ಎತ್ತಿಕೊಂಡಿದ್ದ, ಆ ಕಾಲದಲ್ಲಿ ಮರುಭೂಮಿಯೊಳಗೆ ಅಡಗಿದ್ದು ಕೊನೆಗೆ ಲೋಕವನ್ನಾಳುವ ಕನಸು ಕಂಡಿದ್ದ, ಕರಿಯರ ಮೇಲೆ ಗೂಬೆ ಕೂರಿಸಿ ಯುದ್ಧಕ್ಕೆ ಕಿಡಿ ಹೊತ್ತಿಸಲೆಂದು ಈ ಕೊಲೆಗಳನ್ನು ಮಾಡಿಸಿದ. ರೆಫ್ರಿಜರೇಟರ್ ಮೇಲಿನ ಎರಡು ಪದಗಳು ಹೀಗೆ ಮೊಕದ್ದಮೆಯ ಆಧಾರಸ್ತಂಭಗಳಾದವು.

ಈ ವಾದದೊಳಗೆ ಒಂದು ಇಕ್ಕಟ್ಟೂ ಇತ್ತು. ಅದನ್ನು ಬುಲಿಯೋಸಿ ಅವರೇ ಗುರುತಿಸಿದ್ದಾರೆ. ಮ್ಯಾನ್ಸನ್‌ನನ್ನು ಶಿಕ್ಷಿಸಬೇಕಾದರೆ ಆ ಯುವತಿಯರು ಸಂಪೂರ್ಣವಾಗಿ ಅವನ ಹಿಡಿತದಲ್ಲಿದ್ದರೆಂದು ತೋರಿಸಬೇಕು. ಹಾಗೆ ತೋರಿಸಿದಷ್ಟೂ ಯುವತಿಯರ ಹೊಣೆ ಕುಗ್ಗುತ್ತದೆ. ಶಿಕ್ಷೆಯ ಪ್ರಮಾಣದ ವಿಚಾರಣೆ ಬಂದಾಗ ಅವರು, ಕೊಲ್ಲುವ ಇಚ್ಛೆ ಆ ಯುವತಿಯರ ಅಂತರಂಗದಲ್ಲಿಯೂ ಇತ್ತೆಂದು ವಾದಿಸಿ ಮೂವರಿಗೂ ಮರಣದಂಡನೆ ಕೇಳಿದರು.

ಒಂಬತ್ತೂವರೆ ತಿಂಗಳು

1970ರ ಜೂನ್ 15ರಂದು ಜೂರಿಗಳ ಆಯ್ಕೆಯೊಂದಿಗೆ ನ್ಯಾಯಾಧೀಶ ಚಾರ್ಲ್ಸ್ ಓಲ್ಡರ್ ಅವರ ಮುಂದೆ ಆರಂಭವಾದ ವಿಚಾರಣೆ ಒಂಬತ್ತೂವರೆ ತಿಂಗಳು ನಡೆಯಿತು. ಕಟಕಟೆಯಲ್ಲಿ ನಾಲ್ವರು: ಮ್ಯಾನ್ಸನ್, ಸೂಸನ್ ಅಟ್ಕಿನ್ಸ್, ಪೆಟ್ರೀಷಿಯಾ ಕ್ರೆನ್‌ವಿಂಕಲ್, ಲೆಸ್ಲಿ ವ್ಯಾನ್ ಹೂಟನ್. ಟೆಕ್ಸಸ್‌ನಿಂದ ಕರೆತರುವುದನ್ನು ಪ್ರತಿಭಟಿಸಿ ತಡಮಾಡಿದ ವಾಟ್ಸನ್‌ನ ವಿಚಾರಣೆ ಪ್ರತ್ಯೇಕವಾಗಿ ನಡೆದು, 1971ರ ಅಕ್ಟೋಬರಿನಲ್ಲಿ ಅವನೂ ಅಪರಾಧಿಯೆಂದು ತೀರ್ಮಾನವಾಯಿತು. ಏಳು ಗಂಡಸರು, ಐವರು ಹೆಂಗಸರು ಇದ್ದ ಜೂರಿಯನ್ನು ಹೊರಗಿನ ಸುದ್ದಿ ಸೋಕದಂತೆ 225 ದಿನಗಳ ಕಾಲ ಹೋಟೆಲಿನಲ್ಲಿ ಇರಿಸಲಾಗಿತ್ತು. ಸಾಮಾನ್ಯ ನಾಗರಿಕರು ಏಳೂವರೆ ತಿಂಗಳು ಮನೆಮಠ ತೊರೆದು ಇರಬೇಕಾಯಿತೆಂಬುದನ್ನು ನಾವು ಮರೆಯಲಾಗದು.

ಸಾಕ್ಷಿ ವಿಚಾರಣೆಯ ಮೊದಲ ದಿನ, ಜುಲೈ 24ರಂದು, ಮ್ಯಾನ್ಸನ್ ಹಣೆಯ ಮೇಲೆ ಗುಣಾಕಾರ ಚಿಹ್ನೆಯನ್ನು ಕೊರೆದುಕೊಂಡು ಬಂದ. ಮೂವರು ಯುವತಿಯರೂ ಅವನನ್ನು ಅನುಸರಿಸಿದರು. ಆಗಸ್ಟ್ 3ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಡೆನ್ವರಿನಲ್ಲಿ ಪತ್ರಕರ್ತರ ಮುಂದೆ ಮಾತನಾಡುತ್ತ, ಮ್ಯಾನ್ಸನ್ ಈ ಕೊಲೆಗಳ ಅಪರಾಧಿಯೆಂಬ ಅರ್ಥದ ಮಾತನ್ನಾಡಿದರು. ತಾವೂ ನ್ಯಾಯವಾದಿಯಾಗಿದ್ದ ರಾಷ್ಟ್ರಾಧ್ಯಕ್ಷರು ತೀರ್ಪಿಗೆ ಮೊದಲೇ ತೀರ್ಪು ನುಡಿದಂತಾಯಿತು. ಮರುದಿನ ಆ ಸುದ್ದಿಯ ದಪ್ಪಕ್ಷರದ ಶೀರ್ಷಿಕೆಯಿದ್ದ ಪತ್ರಿಕೆಯನ್ನು ಮ್ಯಾನ್ಸನ್ ತಾನೇ ಜೂರಿಗಳಿಗೆ ಕಾಣುವಂತೆ ಎತ್ತಿ ಹಿಡಿದ! ವಿಚಾರಣೆ ಅಸಿಂಧುವಾಗಲೆಂದು ಪ್ರತಿವಾದಿ ವಕೀಲರು ಕೇಳಿದರು. ನ್ಯಾಯಾಧೀಶರು ಜೂರಿಗಳನ್ನು ಒಬ್ಬೊಬ್ಬರಾಗಿ ಪ್ರಶ್ನಿಸಿ, ಅವರ ಮನಸ್ಸು ಕೆಟ್ಟಿಲ್ಲವೆಂದು ಕಂಡು ಮುಂದುವರಿಸಿದರು. ಅಕ್ಟೋಬರ್ 5ರಂದು ಮ್ಯಾನ್ಸನ್ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ನ್ಯಾಯಪೀಠದತ್ತ ಎಗರಿದ.

ನವೆಂಬರ್ 19ರಂದು ಪ್ರತಿವಾದಿ ವಕೀಲರು ಒಬ್ಬ ಸಾಕ್ಷಿಯನ್ನೂ ಕರೆಯದೆ ತಮ್ಮ ಪಕ್ಷವನ್ನು ಮುಗಿಸಿದರು. ಯುವತಿಯರು ತಾವೇ ಸಾಕ್ಷಿ ನುಡಿಯುತ್ತೇವೆಂದರು. ಮ್ಯಾನ್ಸನ್‌ನನ್ನು ಉಳಿಸಲು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಳ್ಳುವರೆಂದು ಅಂಜಿದ ಅವರ ವಕೀಲರು ಪ್ರಶ್ನೆ ಕೇಳಲು ಒಪ್ಪಲಿಲ್ಲ. ಅದೇ ತಿಂಗಳ ಕೊನೆಗೆ ವ್ಯಾನ್ ಹೂಟನ್ ಪರ ವಕೀಲ ರೊನಾಲ್ಡ್ ಹ್ಯೂಸ್ ವಾರಾಂತ್ಯಕ್ಕೆಂದು ಬೆಟ್ಟಪ್ರದೇಶಕ್ಕೆ ಹೋದವರು ಹಿಂತಿರುಗಲಿಲ್ಲ. ಆ ದಿನಗಳಲ್ಲಿ ಅಲ್ಲಿ ಭಾರಿ ಮಳೆ, ಪ್ರವಾಹ. ನಾಲ್ಕು ತಿಂಗಳ ನಂತರ ಅವರ ಶವ ಸಿಕ್ಕಿತು. ಸಾವಿನ ಕಾರಣ ನಿರ್ಧಾರವಾಗಲಿಲ್ಲ.

1971ರ ಜನವರಿ 25ರಂದು ನಾಲ್ವರೂ ಅಪರಾಧಿಗಳೆಂದು ತೀರ್ಪು ಬಂತು. ಮಾರ್ಚ್ 29ರಂದು ಜೂರಿ ನಾಲ್ವರಿಗೂ ಮರಣದಂಡನೆ ವಿಧಿಸಿತು. ಆದರೆ 1972ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಮರಣದಂಡನೆಯೇ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಸಾರಿದ್ದರಿಂದ ಎಲ್ಲರ ಶಿಕ್ಷೆಯೂ ಜೀವಾವಧಿಗೆ ಇಳಿಯಿತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂವರ ಶಿಕ್ಷೆಯನ್ನು ಎತ್ತಿಹಿಡಿದು, ನಡುವೆ ವಕೀಲರನ್ನು ಕಳೆದುಕೊಂಡ ವ್ಯಾನ್ ಹೂಟನ್‌ಗೆ ಮಾತ್ರ ಮರುವಿಚಾರಣೆ ಕೊಟ್ಟಿತು. 1977ರಲ್ಲಿ ಜೂರಿ ಒಮ್ಮತಕ್ಕೆ ಬರಲಿಲ್ಲ. 1978ರಲ್ಲಿ ಮತ್ತೆ ಅಪರಾಧಿಯೆಂಬ ತೀರ್ಪಾಯಿತು. ಅಟ್ಕಿನ್ಸ್ 2009ರಲ್ಲಿ, ಮ್ಯಾನ್ಸನ್ 2017ರಲ್ಲಿ ಬಂದಿಗಳಾಗಿಯೇ ತೀರಿಕೊಂಡರು. ಕೊಲೆಯ ಕಾಲಕ್ಕೆ ಹತ್ತೊಂಬತ್ತು ವರ್ಷದವಳಾಗಿದ್ದ ವ್ಯಾನ್ ಹೂಟನ್, ಗವರ್ನರುಗಳು ಮತ್ತೆ ಮತ್ತೆ ತಡೆದ ನಂತರ, ಮೇಲ್ಮನವಿ ನ್ಯಾಯಾಲಯದ ಆದೇಶದಿಂದ 2023ರ ಜುಲೈನಲ್ಲಿ ಬಿಡುಗಡೆ ಹೊಂದಿದಳು.

ವಾದವೇ ಚರಿತ್ರೆಯಾದ ಬಗೆ

ಇಷ್ಟು ವಿವರಗಳಲ್ಲಿ ಬಹುಪಾಲು ಇಂದು ಜನಸಾಮಾನ್ಯರಿಗೂ ತಿಳಿದಿದ್ದರೆ ಅದಕ್ಕೆ ಕಾರಣ ಬುಲಿಯೋಸಿ ಅವರ ಪುಸ್ತಕ. ಸಾವಿರಾರು ಪುಟಗಳ ಹೇಳಿಕೆಗಳನ್ನು ದಿನವಹಿ ಕ್ರಮದಲ್ಲಿ ಜೋಡಿಸಿ, ಕಾನೂನಿನ ತೊಡಕುಗಳನ್ನು ಸಾಮಾನ್ಯ ಓದುಗನಿಗೆ ಬಿಡಿಸಿಟ್ಟ ಅವರ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೂ ಗಮನಿಸಬೇಕಾದ ಸಂಗತಿಯೊಂದಿದೆ. ಪುಸ್ತಕದ ಹೆಸರು ಸತ್ತವರದಲ್ಲ, ಕೊಂದವರದೂ ಅಲ್ಲ. ಸರ್ಕಾರಿ ವಕೀಲರು ಮಂಡಿಸಿದ ಹೇತುವಿನ ಹೆಸರು. ಜೂರಿಗಳ ಮುಂದೆ ಅದೊಂದು ವಾದವಾಗಿತ್ತು, ಎದುರು ಪಕ್ಷಕ್ಕೆ ಖಂಡಿಸುವ ಅವಕಾಶವಿತ್ತು. ಪುಸ್ತಕದಲ್ಲಿ ಪಾಟೀಸವಾಲಿಗೆ ಎಡೆಯಿಲ್ಲ.

ಹೇತುವಿನ ಬಗ್ಗೆ ಬೇರೆ ವಿವರಣೆಗಳು ಮೊದಲಿನಿಂದಲೂ ಇದ್ದವು. ಹಿನ್‌ಮನ್ ಕೊಲೆಗಾಗಿ ಬಾಬಿ ಬೊಸೊಲೇ ಎಂಬ ಸಹಚರ 1969ರ ಆಗಸ್ಟ್ 6ರಂದು ಸೆರೆಸಿಕ್ಕಿದ್ದ. ಅದೇ ಬಗೆಯ ಕೊಲೆಗಳು ಮುಂದುವರಿದರೆ ನಿಜವಾದ ಕೊಲೆಗಾರ ಹೊರಗಿದ್ದಾನೆಂದು ಪೊಲೀಸರು ಭಾವಿಸಿ ಅವನನ್ನು ಬಿಡುವರೆಂಬ ಲೆಕ್ಕಾಚಾರದಿಂದ ಈ ಕೊಲೆಗಳಾದವೆಂದು ಶಿಕ್ಷೆಯ ವಿಚಾರಣೆಯ ವೇಳೆ ಗುಂಪಿನ ಯುವತಿಯರು ಹೇಳಿದರು. ಮ್ಯಾನ್ಸನ್‌ನನ್ನು ಉಳಿಸಲು ಹೂಡಿದ ಕಟ್ಟುಕಥೆಯೆಂದು ಬುಲಿಯೋಸಿ ಅದನ್ನು ತಳ್ಳಿಹಾಕಿದರು. ಅವರ ಸಂಶಯಕ್ಕೆ ಬಲವಾದ ಕಾರಣವಿತ್ತು. ಆದರೆ ಎರಡು ಕೊಲೆಗಳ ನಡುವಿನ ಸಾಮ್ಯವನ್ನು ಶೆರೀಫ್ ಕಚೇರಿಯ ಪತ್ತೇದಾರರೂ ಕಂಡಿದ್ದರಷ್ಟೆ.

ವಕೀಲ ಹ್ಯೂಸ್ ಅವರ ಸಾವನ್ನೂ ಹೀಗೆಯೇ ನೋಡಬಹುದು. ಅದು ಮ್ಯಾನ್ಸನ್ ಗುಂಪಿನ ಸೇಡಿನ ಕೃತ್ಯವಿರಬಹುದೆಂಬ ಶಂಕೆಯನ್ನು ಪುಸ್ತಕ ಓದುಗನ ಮನದಲ್ಲಿ ಬಿಟ್ಟುಹೋಗುತ್ತದೆ. ಆ ಶಂಕೆ ಯಾವ ನ್ಯಾಯಾಲಯದಲ್ಲಿಯೂ ರುಜುವಾಗಿಲ್ಲ. ನ್ಯಾಯಾಲಯದಲ್ಲಿ ಎತ್ತಲಾಗದ ಮಾತನ್ನು ಪುಸ್ತಕದಲ್ಲಿ ಎತ್ತಬಹುದು.

ಗ್ರಂಥಕರ್ತರೇ ಕಟಕಟೆಯ ಹತ್ತಿರಕ್ಕೆ ಬಂದ ಪ್ರಸಂಗವೂ ಉಂಟು. ಮೊಕದ್ದಮೆಯ ಕುರಿತು ವಕೀಲರು ಪತ್ರಿಕೆಗಳೊಡನೆ ಮಾತನಾಡಬಾರದೆಂದು ನ್ಯಾಯಾಲಯ ಆದೇಶಿಸಿತ್ತು. ಆದರೂ 1970ರ ಅಕ್ಟೋಬರಿನಲ್ಲಿ ವಿಲಿಯಂ ಫಾರ್ ಎಂಬ ವರದಿಗಾರರು, ಸಾಕ್ಷಿಯೊಬ್ಬರ ಹೇಳಿಕೆಯ ಆಧಾರದ ಮೇಲೆ, ಬೇರೆ ತಾರೆಯರನ್ನೂ ಕೊಲ್ಲುವ ಯೋಜನೆಯಿತ್ತೆಂಬ ಸುದ್ದಿಯನ್ನು ಪ್ರಕಟಿಸಿದರು. ಹೇಳಿಕೆಯ ಪ್ರತಿ ಕೊಟ್ಟವರ ಹೆಸರು ತಿಳಿಸಲೊಪ್ಪದೆ ಮುಂದೆ 46 ದಿನ ಸೆರೆವಾಸ ಅನುಭವಿಸಿದರು. ತಾವು ಕೊಟ್ಟಿಲ್ಲವೆಂದು ಪ್ರಮಾಣ ಮಾಡಿ ಹೇಳಿದ್ದ ವಕೀಲರಲ್ಲಿ ಬುಲಿಯೋಸಿ ಮತ್ತು ಅಟ್ಕಿನ್ಸ್ ಪರ ವಕೀಲ ಡೇ ಶಿನ್ ಅವರ ಮೇಲೆ 1974ರಲ್ಲಿ, ಅಂದರೆ ಪುಸ್ತಕ ಹೊರಬಂದ ವರ್ಷವೇ, ಸುಳ್ಳು ಸಾಕ್ಷ್ಯದ ಆರೋಪ ಹೊರಿಸಲಾಯಿತು. ಇಬ್ಬರೂ ಅದನ್ನು ನಿರಾಕರಿಸಿದರು. ಬಳಿಕ ಆರೋಪಗಳು ವಜಾ ಆದವು. ಕಾನೂನಿನ ದೃಷ್ಟಿಯಲ್ಲಿ ಅವರು ನಿರಪರಾಧಿಗಳು. ಆದರೆ ನಿರೂಪಕರು ತಾವು ಹೇಳುವ ಕಥೆಯ ಹೊರಗೆ ನಿಂತವರಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ಅವರು 1972ರಲ್ಲಿಯೇ ಡಿಸ್ಟ್ರಿಕ್ಟ್ ಅಟಾರ್ನಿ ಹುದ್ದೆಗೆ ಚುನಾವಣೆಗೆ ನಿಂತು ಸೋತಿದ್ದರೆಂಬುದನ್ನೂ ಜೊತೆಗೆ ನೆನೆಯಬಹುದು.

2019ರಲ್ಲಿ ಪತ್ರಕರ್ತ ಟಾಮ್ ಓನೀಲ್ 'ಕೇಯಾಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. 1999ರಲ್ಲಿ, ಕೊಲೆಗಳಾಗಿ ಮೂವತ್ತು ವರ್ಷ ತುಂಬಿದ ಸಂದರ್ಭಕ್ಕೆಂದು ಒಪ್ಪಿಕೊಂಡ ಪತ್ರಿಕಾ ಲೇಖನವೊಂದು ಇಪ್ಪತ್ತು ವರ್ಷಗಳ ಶೋಧವಾಗಿ ಬೆಳೆದಿತ್ತು. ಅವರು ಎತ್ತಿದ ಮುಖ್ಯ ಪ್ರಶ್ನೆ ಸಂಗೀತ ನಿರ್ಮಾಪಕ ಟೆರ್ರಿ ಮೆಲ್ಚರ್ ಅವರಿಗೆ ಸಂಬಂಧಿಸಿದ್ದು. ಸಿಯೆಲೋ ಡ್ರೈವ್ ಮನೆಯಲ್ಲಿ ಮೊದಲು ವಾಸವಾಗಿದ್ದ ಮೆಲ್ಚರ್, ಕೊಲೆಗಳಿಗೆ ಮೊದಲೇ ಮ್ಯಾನ್ಸನ್ ಸಂಪರ್ಕ ಮುಗಿದಿತ್ತೆಂದು ಸಾಕ್ಷಿ ನುಡಿದಿದ್ದರು. ಕೊಲೆಗಳ ನಂತರವೂ ಅವರು ಮ್ಯಾನ್ಸನ್‌ನನ್ನು ಕಂಡಿದ್ದರೆಂದು ಸೂಚಿಸುವ ಕೈಬರಹದ ಟಿಪ್ಪಣಿಗಳು ಸರ್ಕಾರಿ ಕಡತಗಳಲ್ಲಿಯೇ ತಮಗೆ ದೊರೆತವೆಂದು ಓನೀಲ್ ಬರೆಯುತ್ತಾರೆ. ಈ ಟಿಪ್ಪಣಿಗಳು ಪ್ರತಿವಾದಿಗಳ ಕೈಸೇರಿದ್ದರೆ ಹೇತುವಿನ ವಾದವನ್ನು ಅಲುಗಾಡಿಸಬಹುದಿತ್ತೆಂಬುದು ಅವರ ಆಕ್ಷೇಪ. ಬುಲಿಯೋಸಿ 2015ರಲ್ಲಿ ತೀರಿಕೊಳ್ಳುವ ಮೊದಲು ಓನೀಲ್ ಅವರ ಆಕ್ಷೇಪಗಳನ್ನು ಬಲವಾಗಿ ವಿರೋಧಿಸಿದ್ದರು. ಓನೀಲ್ ಅವರೂ ಇನ್ನೊಂದು ಪೂರ್ಣ ವಿವರಣೆಯನ್ನು ರುಜುವಾತುಪಡಿಸಿದ್ದೇನೆಂದು ಹೇಳುವುದಿಲ್ಲ.

ಹಾಗಾದರೆ ತೀರ್ಪು ತಪ್ಪೇ? ಇಲ್ಲಿ ಎಚ್ಚರ ಬೇಕು. ಬೆರಳಚ್ಚು, ಪಿಸ್ತೂಲು, ಬಟ್ಟೆ, ಲಿಂಡಾ ಕಸಾಬಿಯನ್ ಸಾಕ್ಷ್ಯ, ಎರಡನೆಯ ರಾತ್ರಿ ಮ್ಯಾನ್ಸನ್ ಸ್ವತಃ ಜೊತೆಗೆ ಹೋದ ಸಂಗತಿ — ಇವೆಲ್ಲ ಹೇತು ಯಾವುದೇ ಇರಲಿ ನಿಲ್ಲುತ್ತವೆ. ಅಪರಾಧಿ ಯಾರೆಂಬ ಪ್ರಶ್ನೆಗೆ ಜೂರಿ ಕೊಟ್ಟ ಉತ್ತರ ಐದು ದಶಕಗಳ ಟೀಕೆಯನ್ನು ತಾಳಿಕೊಂಡಿದೆ. ಏಕೆ ಎಂಬ ಪ್ರಶ್ನೆ ಮಾತ್ರ ತೆರೆದೇ ಇದೆ. ತೀರ್ಪು ಸರಿಯಾಗಿದ್ದು, ಅದನ್ನು ಗೆದ್ದುಕೊಟ್ಟ ಕಥೆ ಅಪೂರ್ಣವಾಗಿರಬಹುದು. ಈ ಎರಡನ್ನೂ ಏಕಕಾಲಕ್ಕೆ ಒಪ್ಪಿಕೊಳ್ಳುವುದು ಚರಿತ್ರೆಯ ಓದುಗನಿಗೆ ಅಗತ್ಯವಾದ ಶಿಸ್ತು.

ನಮ್ಮ ನಾಡಿನ ಒಂದು ಹೋಲಿಕೆ

ಭಾರತದಲ್ಲಿಯೂ ನ್ಯಾಯದಾನದಲ್ಲಿ ಭಾಗಿಯಾದವರೇ ಮೊಕದ್ದಮೆಯ ಕಥೆ ಬರೆದ ಉದಾಹರಣೆಗಳಿವೆ. ಮಹಾತ್ಮ ಗಾಂಧೀಜಿಯವರ ಕೊಲೆ ಮೊಕದ್ದಮೆಯ ಮೇಲ್ಮನವಿಯನ್ನು 1949ರಲ್ಲಿ ಸಿಮ್ಲಾದಲ್ಲಿ ಆಲಿಸಿದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಜಿ. ಡಿ. ಖೋಸ್ಲಾ ಅವರು 1963ರಲ್ಲಿ ಆ ಕುರಿತು ಗ್ರಂಥ ಬರೆದರು. ಆ ಮೊಕದ್ದಮೆಯಲ್ಲಿಯೂ ದಿಗಂಬರ ಬಡ್ಗೆ ಎಂಬ ಮಾಫಿಸಾಕ್ಷಿಯ ಮಾತಿಗೆ ಪ್ರಮುಖ ಸ್ಥಾನವಿತ್ತು. ನಾಥೂರಾಮ ಗೋಡ್ಸೆ ತನ್ನ ವಾದವನ್ನು ಮುಗಿಸಿದಾಗ ಸಭಾಂಗಣದಲ್ಲಿದ್ದವರನ್ನೇ ಜೂರಿಯನ್ನಾಗಿ ಮಾಡಿದ್ದರೆ ಬಹುಮತದಿಂದ ಅವನನ್ನು ನಿರಪರಾಧಿಯೆಂದು ಬಿಡುತ್ತಿದ್ದರೆಂದು ಖೋಸ್ಲಾ ಅವರು ಬರೆದದ್ದು ಪ್ರಸಿದ್ಧ. ತಾವೇ ಶಿಕ್ಷೆಯನ್ನು ಎತ್ತಿಹಿಡಿದ ಪ್ರಕರಣದಲ್ಲಿ, ಆರೋಪಿಯ ಮಾತು ಕೇಳುಗರ ಮೇಲೆ ಬೀರಿದ ಪ್ರಭಾವವನ್ನು ಅವರು ಮರೆಮಾಚಲಿಲ್ಲ.

ಆ ಮಾತಿನ ಹಿಂದೆ ಇನ್ನೊಂದು ಮೊಕದ್ದಮೆಯ ನೆರಳೂ ಇದ್ದೀತು. 1959ರಲ್ಲಿ ಮುಂಬಯಿಯ ಜೂರಿಯೊಂದು ನೌಕಾಪಡೆಯ ಅಧಿಕಾರಿ ನಾನಾವಟಿಯವರನ್ನು ಎಂಟು ಮತ್ತು ಒಂದು ಮತಗಳಿಂದ ನಿರಪರಾಧಿಯೆಂದಾಗ ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ವಿಧಿಸಿದ ಶಿಕ್ಷೆಯನ್ನು 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪತ್ರಿಕೆಗಳ ಅಬ್ಬರ ಜೂರಿಯ ಮೇಲೆ ಎಷ್ಟು ಕೆಲಸ ಮಾಡಬಲ್ಲದೆಂಬುದಕ್ಕೆ ಆ ಪ್ರಕರಣ ಉದಾಹರಣೆಯಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೂರಿ ವಿಚಾರಣೆಗೆ ಸ್ಥಾನವೇ ಉಳಿಯಲಿಲ್ಲ. ಹೀಗೆ ಜೂರಿಯಿಲ್ಲದ ನಾಡಿನಿಂದ ಬಂದ ನಾವು ಜೂರಿಯೇ ನ್ಯಾಯದ ಅಡಿಗಲ್ಲಾದ ನಾಡಿನಲ್ಲಿ ನೆಲೆಸಿದ್ದೇವೆ. ಪೌರತ್ವ ಪಡೆದ ಕನ್ನಡಿಗರ ಮನೆಗಳಿಗೆ ಜೂರಿ ಕರ್ತವ್ಯದ ಕರೆಯೋಲೆ ಬಂದಾಗ, ಹೇಗೆ ತಪ್ಪಿಸಿಕೊಳ್ಳುವುದೆಂಬ ಮಾತೇ ಮೊದಲು ಕೇಳಿಬರುವುದುಂಟು.

ಆ ಕರೆಯೋಲೆಗೆ ಓಗೊಟ್ಟು ಕುಳಿತವರ ಮುಂದೆ ಬರುವುದು ಇಂತಹುದೇ ಸನ್ನಿವೇಶ. ಒಂದು ಪಕ್ಷ ಸುಸಂಬದ್ಧವಾದ ಕಥೆ ಹೇಳುತ್ತದೆ, ಇನ್ನೊಂದು ಪಕ್ಷ ಅದರಲ್ಲಿ ಬಿರುಕು ಹುಡುಕುತ್ತದೆ. ಯಾವ ಸಾಕ್ಷ್ಯದಿಂದ ಯಾವ ಮಾತು ಹೊರಡುತ್ತದೆ, ಯಾವ ಮಾತು ಕೇವಲ ಕಥೆಯ ಅಂದಕ್ಕಾಗಿ ಬಂದಿದೆ ಎಂದು ಬೇರ್ಪಡಿಸುವ ಭಾರ ಹನ್ನೆರಡು ಮಂದಿ ಸಾಮಾನ್ಯರದು. ಬುಲಿಯೋಸಿ ಅವರ ಪುಸ್ತಕವನ್ನು ಆ ಎಚ್ಚರದಿಂದ ಓದಿದರೆ ಅದಕ್ಕಿಂತ ಉತ್ತಮವಾದ ಪಾಠ ಬೇರೆ ದೊರೆಯದು. ಪೊಲೀಸರ ತಪ್ಪುಗಳನ್ನು ಅವರು ಹೇಗೆ ಎತ್ತಿ ತೋರಿಸಿದರೋ ಹಾಗೆಯೇ ಅವರ ವಾದವನ್ನೂ ಒರೆಗೆ ಹಚ್ಚುವ ಅಧಿಕಾರ ಓದುಗನಿಗಿದೆ.

ಕೊನೆಗೆ ಒಂದು ಮಾತು. ಮ್ಯಾನ್ಸನ್‌ನ ಹೆಸರು ಲೋಕಕ್ಕೆಲ್ಲ ಗೊತ್ತು. ಸ್ಟೀವನ್ ಪೇರೆಂಟ್ ಎಂಬ ಹದಿನೆಂಟರ ಹುಡುಗನ ಹೆಸರು ಬಹಳ ಮಂದಿಗೆ ಗೊತ್ತಿಲ್ಲ. ಈ ಅನ್ಯಾಯವನ್ನು ಮನಗಂಡವರಲ್ಲಿ ಶರೋನ್ ಟೇಟ್ ಅವರ ತಾಯಿ ಡೋರಿಸ್ ಟೇಟ್ ಪ್ರಮುಖರು. ಕ್ಯಾಲಿಫೋರ್ನಿಯಾದ ಮತದಾರರು 1982ರಲ್ಲಿ ಅಂಗೀಕರಿಸಿದ ಸಂತ್ರಸ್ತರ ಹಕ್ಕುಗಳ ಕಾನೂನಿನಿಂದ ಕೊಲೆಯಾದವರ ಬಂಧುಗಳಿಗೆ ಅಪರಾಧಿಗಳ ಬಿಡುಗಡೆಯ ವಿಚಾರಣೆಯಲ್ಲಿ ಮಾತನಾಡುವ ಹಕ್ಕು ದೊರೆಯಿತು. 1984ರಲ್ಲಿ ಟೆಕ್ಸ್ ವಾಟ್ಸನ್‌ನ ವಿಚಾರಣೆಗೆ ಆ ತಾಯಿ ಹೋಗಿ, ಮಗಳನ್ನು ಕೊಂದವನ ಎದುರು ಕುಳಿತು ಮಾತನಾಡಿದರು. ಸರ್ಕಾರಿ ವಕೀಲರ ಕಥೆ ತೀರ್ಪಿನೊಂದಿಗೆ ಮುಗಿದಿತ್ತು. ಆಕೆಯ ಪಾಲಿಗೆ ಹದಿನೈದು ವರ್ಷಗಳ ನಂತರವೂ ಮೊಕದ್ದಮೆ ಮುಗಿದಿರಲಿಲ್ಲ.